ಅನುಭವ ಯಾರದು, ಗಲ್ಲಾ ಯಾರದು?

ಹಾಸ್ಟೆಲಿನ ಗೆಳೆಯರೆ,

ಈಚೆಗೆ ಒಂದು ಉಪದೇಶ ಎಲ್ಲ ಕಡೆ ಓಡಾಡ್ತಾ ಇದೆ. 'ಡಿಗ್ರಿ ತಗೊಂಡು ಏನು ಮಾಡ್ತೀರಿ? ಜೀವನವೇ ದೊಡ್ಡ ಪಾಠಶಾಲೆ. ದುಡ್ಡು ಮಾಡಿದವರೆಲ್ಲ ಕಾಲೇಜು ಬಿಟ್ಟವರೇ.' ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕಾಫಿ ಕುಡೀತಾ ಈ ಮಾತು ಹೇಳುವವರು ಹೇಳಿಕೊಳ್ಳಲಿ. ಅವರಿಗೆ ಕಾಫಿಯೂ ಇದೆ, ಕಟ್ಟಡವೂ ಇದೆ. ಆದರೆ ನಮ್ಮ ಹುಡುಗರೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಾ ಪರೀಕ್ಷೆ ಬಿಟ್ಟು ಎದ್ದರೆ ಸುಮ್ಮನಿರೋದು ಹೇಗೆ?

ಅನುಭವವೇ ದುಡ್ಡು ತರುವುದಾದರೆ ಈ ಊರಿನ ಮೊದಲ ಶ್ರೀಮಂತರು ಯಾರಾಗಬೇಕಿತ್ತು? ಬೆಳಗಿನ ಜಾವ ಶಿವಾಜಿನಗರದ ಬೀದಿಗಳನ್ನು ಗುಡಿಸುವ ನಮ್ಮ ತಾಯಂದಿರು. ಇಪ್ಪತ್ತು, ಮೂವತ್ತು ವರ್ಷದ ಅನುಭವ. ಯಾವ ಬೀದಿಗೆ ಎಷ್ಟು ಕೈ ಬೇಕು, ಯಾವ ಕಸ ಗೊಬ್ಬರಕ್ಕೆ, ಯಾವುದು ಗುಜರಿಗೆ, ಇದೆಲ್ಲ ಆಫೀಸಿನ ಇಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆ ಅನುಭವದಿಂದ ದುಡ್ಡು ಹುಟ್ಟಲಿಲ್ಲವೆ? ಹುಟ್ಟಿತು, ಗುತ್ತಿಗೆದಾರನ ಗಲ್ಲಾದಲ್ಲಿ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ಕೋಟಿ ಕೇಳಲಿಲ್ಲ, ಕೆಲಸ ಖಾಯಂ ಮಾಡಿ ಅಂದರು, ಅಷ್ಟೆ.

ಸಾಹುಕಾರನ ಮಗ ಹತ್ತು ವರ್ಷ ಅಪ್ಪನ ಗಲ್ಲಾ ಪಕ್ಕ ಕೂತರೆ ಅದಕ್ಕೆ ಅನುಭವ ಅನ್ನುತ್ತಾರೆ. ನಮ್ಮ ಹುಡುಗ ಹತ್ತು ವರ್ಷ ಅಪ್ಪನ ಪಕ್ಕ ಕೂತು ಚಪ್ಪಲಿ ಹೊಲಿದರೆ ಅದು ಕುಲಕಸುಬು. ಯಾವ ಬ್ಯಾಂಕು ಯಾವುದನ್ನು ನಂಬಿ ಸಾಲ ಕೊಡುತ್ತೆ, ನೀವೇ ಹೇಳಿ.

ಬಿಲ್ ಗೇಟ್ಸ್ ಹೆಸರು ತೆಗೀತಾರೆ. 1975ರಲ್ಲಿ ಹಾರ್ವರ್ಡ್ ಬಿಟ್ಟ, ಸರಿ. ಬಿಡಬೇಕಾದರೆ ಮೊದಲು ಅದರೊಳಗೆ ಹೋಗಿರಬೇಕಲ್ಲ! ತಂದೆ ವಕೀಲರು. 1968ರಲ್ಲೇ ಕಂಪ್ಯೂಟರ್ ಮುಟ್ಟಲು ಬಿಟ್ಟ ಖಾಸಗಿ ಶಾಲೆ. ಬಿದ್ದರೆ ಕೆಳಗೆ ಹಾಸಿಗೆ ಇತ್ತು. ನಾವು ಬಿದ್ದರೆ ಕಲ್ಲು ಚಪ್ಪಡಿ.

ಇನ್ನು ಬಾಬಾಸಾಹೇಬರ ಕತೆಯನ್ನೇ ತಗೊಳ್ಳಿ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ಓದು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ವಾಪಸ್ ಬಂದು ಬರೋಡಾ ಸಂಸ್ಥಾನದ ನೌಕರಿ ಹಿಡಿದರು. ಇರೋಕೆ ಜಾಗ ಕೊಡಲಿಲ್ಲ, ಪಾರ್ಸಿ ಛತ್ರದಿಂದ ದೊಣ್ಣೆ ತೋರಿಸಿ ಹೊರಗಟ್ಟಿದರು. ಬೊಂಬಾಯಿಗೆ ಬಂದು ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ದುಡ್ಡಿನ ಶಾಸ್ತ್ರ ಅವರಷ್ಟು ಬಲ್ಲವರು ಆಗ ದೇಶದಲ್ಲಿ ಎಷ್ಟು ಜನ ಇದ್ದರು? ಜಾತಿ ಗೊತ್ತಾಗಿದ್ದೇ ತಡ, ಗಿರಾಕಿಗಳು ಬರೋದು ನಿಂತಿತು. ಕಚೇರಿ ಮುಚ್ಚಿತು. ಅವರ ಕೈ ಹಿಡಿದದ್ದು ಮಾರುಕಟ್ಟೆಯಲ್ಲ. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಂ ಎಂಬ ಸರ್ಕಾರಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲೂ ನೀರಿನ ಹೂಜಿ ಮುಟ್ಟಬಾರದು ಅಂತ ಜೊತೆಯವರ ತಕರಾರು. ಆದರೂ ತಿಂಗಳಾದರೆ ಸಂಬಳ ಬಂತು. ಅದರಲ್ಲಿ ಉಳಿಸಿದ್ದು, ಶಾಹು ಮಹಾರಾಜರು ಕೊಟ್ಟಿದ್ದು, ಗೆಳೆಯನ ಸಾಲ, ಎಲ್ಲ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಗಿರಾಕಿ ನಮ್ಮನ್ನು ಜಾತಿ ನೋಡಿ ಬಿಡಬಹುದು. ಪದವಿ ಪತ್ರವನ್ನು ಅಷ್ಟು ಸುಲಭವಾಗಿ ವಾಪಸ್ ಕಿತ್ತುಕೊಳ್ಳಲು ಆಗಲಿಲ್ಲ.

ಕಂಟೋನ್ಮೆಂಟಿನ ಸಾಹುಕಾರರಿಗೂ ಇದು ಗೊತ್ತಿತ್ತು. ಅಠಾರಾ ಕಚೇರಿ ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಗಳಿಸಿದ ದುಡ್ಡನ್ನು 1873ರಲ್ಲಿ ಹಾಕಿದ್ದು ಉಚಿತ ಶಾಲೆಗೆ. ಆ ಸಂಸ್ಥೆಯ ಕಾಲೇಜು ಇವತ್ತೂ ಹಲಸೂರು ಕೆರೆ ಕಡೆ ಇದೆ, ಹೋಗಿ ನೋಡಿ.

ಹಾಗಂತ ಡಿಗ್ರಿ ಕೈಗೆ ಬಂದರೆ ಉದ್ಧಾರ ಆದೆವು ಅಂತ ನಾನು ಹೇಳ್ತಾ ಇಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸರ್ಟಿಫಿಕೇಟಿಗೆ ಬಾಗಿಲು ತೆರೆದದ್ದು ಸರ್ಕಾರಿ ಕಾರ್ಖಾನೆಗಳು. 1940ರ ಹೆಚ್‌.ಎ.ಎಲ್., 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ ಶುರುವಾದ ಐ.ಟಿ.ಐ., ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಎಸ್ಸೆಸ್ಸೆಲ್ಸಿ ಮುಗಿಸಿ ಫಿಟ್ಟರ್ ತರಬೇತಿ ಪಡೆದವನಿಗೆ ಮೀಸಲಾತಿ, ಕ್ವಾರ್ಟರ್ಸ್, ಪಿಂಚಣಿ. ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಐ.ಟಿ.ಐ. ಸೊರಗಿದೆ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಿವೆ. ಅಲ್ಲಿ ನಮಗೆ ಮೀಸಲಾತಿ ಕೊಡು ಅನ್ನುವ ಕಾನೂನೇ ಇಲ್ಲ. ಅಲ್ಲಿ ನಮ್ಮವರ ಜೀವನಾನುಭವಕ್ಕೆ ಮಾತ್ರ ಧಾರಾಳ ಬೇಡಿಕೆ: ಕಕ್ಕಸು ತೊಳೆಯೋಕೆ, ಗೇಟು ಕಾಯೋಕೆ.

ಆದ್ದರಿಂದ ಓದೋ ಅನುಭವವೋ ಅಂತ ಚರ್ಚಾಸ್ಪರ್ಧೆ ನಡೆಸುವುದು ಬೇಡ. ನಮ್ಮವರ ಅನುಭವವನ್ನು ಕಾಗದದ ಮೇಲೆ ಲೆಕ್ಕ ಮಾಡುವವರು ಬೇಕು, ಓದು ಬೇಕಾಗಿರೋದು ಅದಕ್ಕೆ. ಕರ್ನಾಟಕದ ಟೆಂಡರ್ ಕಾನೂನಿನಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95ರಷ್ಟು ಕಾಮಗಾರಿ ಮೀಸಲು. ಮೊದಲು 50 ಲಕ್ಷದವರೆಗಿನ ಕೆಲಸಕ್ಕಿತ್ತು, 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಕೆಲಸ ಬಲ್ಲ ಮೇಸ್ತ್ರಿ ನಮ್ಮ ಕೇರಿಯಲ್ಲೇ ಇದ್ದಾನೆ. ಆದರೆ ಟೆಂಡರ್ ಫಾರಂ ಅವನಿಗೆ ಓದಲು ಬಾರದು, ಠೇವಣಿಗೆ ದುಡ್ಡಿಲ್ಲ. ಹೆಸರು ಅವನದು, ಬಂಡವಾಳ ಬೇರೆಯವನದು, ಲಾಭವೂ ಬೇರೆಯವನದೇ ಆದರೆ ಆ ಕಾನೂನು ಯಾರ ಹೊಟ್ಟೆ ತುಂಬಿಸಿತು?

ಟೆಂಡರು ದೂರದ ಮಾತು ಅನ್ನುವುದಾದರೆ ಹತ್ತಿರದ್ದು ನೋಡಿ. ನಿಮ್ಮಮ್ಮನ ಸಂಬಳದಲ್ಲಿ ಪಿ.ಎಫ್.ಗೆ ಅಂತ ಶೇ. 12 ಹಿಡೀತಾರೆ. ಮಾಲೀಕನೂ ಅಷ್ಟೇ ಕಟ್ಟಬೇಕು. ಇ.ಎಸ್.ಐ.ಗೆ ಅವಳದು ಶೇ. 0.75, ಮಾಲೀಕನದು ಶೇ. 3.25. ಹಿಡಿದದ್ದು ಜಮಾ ಆಗಿದೆಯಾ? ಬಿ.ಕಾಂ. ಎರಡನೇ ವರ್ಷದಲ್ಲಿದ್ದೀರಿ, ಜಮಾ-ಖರ್ಚು ಬಾಯಿಪಾಠ ಮಾಡಿದ್ದೀರಿ. ಮನೆಯ ಸಂಬಳದ ಚೀಟಿ ಒಂದು ದಿನವಾದರೂ ಬಿಡಿಸಿ ನೋಡಿದ್ದೀರಾ?

ಮುಂದಿನ ಭಾನುವಾರ ಹಾಸ್ಟೆಲಿನಿಂದ ನಾಲ್ಕು ಜನ ಹೊರಡಿ. ಮರ್ಫಿ ಟೌನಾಗಲಿ, ಕೆ.ಆರ್. ಪುರದ ನಿಮ್ಮ ಕೇರಿಯೇ ಆಗಲಿ, ಒಂದು ಜಗುಲಿ ಮೇಲೆ ಕೂತು ಅಕ್ಕಂದಿರ, ಅಣ್ಣಂದಿರ ಪಿ.ಎಫ್. ಪಾಸ್‌ಬುಕ್ಕನ್ನು ಫೋನಿನಲ್ಲಿ ತೆಗೆದು ನೋಡಿ. ಎಷ್ಟು ತಿಂಗಳು ಖಾಲಿ ಇದೆ ಅಂತ ಒಂದು ನೋಟ್ ಪುಸ್ತಕದಲ್ಲಿ ಹೆಸರು ಹಿಡಿದು ಬರೆದುಕೊಂಡು ಬನ್ನಿ.