ಬಿದ್ದ ಮರ ಯಾರ ದೇಶದ್ದು?

ಕುಳಗಿಯಂಥ ಕಾಡಿನ ಊರಿನಲ್ಲಿ ಕುಳಿತು ಇಂಗ್ಲೆಂಡಿನ ಹೊಲ, ಬೇಲಿ, ಎಲ್ಮ್ ಮರಗಳಿರುವ ಯುದ್ಧಕವಿತೆ ಓದುತ್ತೇನೆಂದರೆ ಗೆಳೆಯರಿಗೆ ನಗು. "ಸಾಹೇಬರೇ, ನಮ್ಮನ್ನು ಆಳಿದವರ ಯುದ್ಧ, ಅವರ ಮರ. ನಮಗೇನು?" ಎಂದರು ಒಬ್ಬರು. ಉರ್ದು ಬಲ್ಲ ಇನ್ನೊಬ್ಬರು, "ಅದು ನಮ್ಮ ಅದಬ್ ಅಲ್ಲ ಬಿಡಿ" ಎಂದುಬಿಟ್ಟರು.

ಇಬ್ಬರ ಮೇಲೂ ನನ್ನ ತಕರಾರಿದೆ.

ಎರಡನೆಯವರು ಮೀರ್ ಅನೀಸರ ಮರ್ಸಿಯಾ ಕೇಳಿ ಕಣ್ಣೀರಿಡುವವರು. ಅಲ್ಲಿ ಕರ್ಬಲಾದ ಬೆಳಗು ಹೇಗಿದೆ? ಹುಲ್ಲಿನ ಮೇಲೆ ಇಬ್ಬನಿ, ಅರಳಿದ ಹೂ, ಹಕ್ಕಿಗಳ ಕೂಗು. ಇರಾಕಿನ ಬಿಸಿ ಮರಳಿಗೆ ಈ ಇಬ್ಬನಿ ಬಂದದ್ದು ಅವಧ್‌ನಿಂದ. 1874ರಲ್ಲಿ ತೀರಿಕೊಂಡ ಅನೀಸರು ತಾವು ಕಂಡ ಬೆಳಗನ್ನೇ ರಣಭೂಮಿಗೆ ಹೊತ್ತೊಯ್ದರು. ವಿಮರ್ಶಕರು ತಪ್ಪು ಹುಡುಕಿದರು, ಜನ ಅತ್ತರು. ಮೊದಲನೆಯವರಿಗೆ ಪಂಪ ಸಾಕು. ಆತ ಹೇಳುವುದು ಕುರುಕ್ಷೇತ್ರದ ಯುದ್ಧ. ಜೀವ ಮಾತ್ರ ನಮ್ಮದೇ ಜಿಲ್ಲೆಯ ಬನವಾಸಿಯ ಮಾವು, ಸಂಪಿಗೆ, ಕೋಗಿಲೆಗಳಲ್ಲಿದೆ. ಇಬ್ಬರಿಗೂ ಒಪ್ಪಿಗೆಯಾದದ್ದು ಎಡ್ವರ್ಡ್ ಥಾಮಸ್ ಮಾಡಿದರೆ ಮಾತ್ರ ಪರಕೀಯವೇ?

ಹೊಟ್ಟೆಪಾಡಿಗೆ ಗದ್ಯ ಬರೆದು ದಣಿದಿದ್ದ ಥಾಮಸ್ ಕವಿತೆಗೆ ತೊಡಗಿದ್ದು 1914ರ ಕೊನೆಗೆ. ಮರುವರ್ಷ ಸೈನ್ಯ ಸೇರಿದರು. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್‌ನಲ್ಲಿ ಸತ್ತಾಗ 39 ವರ್ಷ. ಅವರ ಒಂದು ಕವಿತೆಯಲ್ಲಿ ಗಾಳಿಗೆ ಬಿದ್ದ ಎಲ್ಮ್ ಮರದ ಮೇಲೆ ಒಬ್ಬ ಕುಳಿತಿದ್ದಾನೆ. ಉಳುವವನೊಬ್ಬ ಪ್ರತಿ ಸುತ್ತಿಗೂ ಹತ್ತಿರ ಬಂದು ಎರಡು ಮಾತಾಡಿ ಹೋಗುತ್ತಾನೆ. ನೇಗಿಲು ತಿರುಗಿ ಬರುವವರೆಗೆ ಮಾತು ನಿಂತಿರುತ್ತದೆ. ಆ ಮರವನ್ನೇಕೆ ಇನ್ನೂ ಎತ್ತಿಲ್ಲ? ಜೊತೆಗೆ ಎತ್ತಬೇಕಾದವನು ಫ್ರಾನ್ಸಿನಲ್ಲಿ ಸತ್ತಿದ್ದಾನೆ. ಅಷ್ಟೇ ಯುದ್ಧ. (ನಮ್ಮ ಕಾಡಿನಲ್ಲಾದರೆ ಬಿದ್ದ ಸಾಗುವಾನಿಯನ್ನು ಸರಕಾರದವರಲ್ಲದೆ ಯಾರೂ ಮುಟ್ಟುವಂತಿಲ್ಲ, ಆ ಮಾತು ಬೇರೆ.) ಒಂದು ಗುಂಡಿನ ಸದ್ದೂ ಇಲ್ಲದೆ ಸಾವು ಹೀಗೆ ಊರೊಳಗೆ ಬಂದು ಕೂರುವುದನ್ನು ಕಥೆಗಾರನಾಗಿ ನಾನು ಹೊಟ್ಟೆಕಿಚ್ಚಿನಿಂದ ಓದಿದ್ದೇನೆ.

ಇದೇ ಥಾಮಸ್ ದೇಶಭಕ್ತಿಯ ವಿಷಯದಲ್ಲಿ ತಂದೆಯೊಡನೆ ಜಗಳವಾಡಿದವರು. ಪತ್ರಿಕೆಗಳು ಹೇಳಿಕೊಟ್ಟ ಜರ್ಮನ್ ದ್ವೇಷ ತನಗೆ ಬೇಡವೆಂದು 1915ರ ಡಿಸೆಂಬರಿನಲ್ಲಿ ಕವಿತೆಯಲ್ಲೇ ಬರೆದರು. ಯಾತಕ್ಕಾಗಿ ಹೋರಾಡುತ್ತೀಯ ಎಂದು ಗೆಳತಿ ಕೇಳಿದಾಗ ಬಗ್ಗಿ ಚಿಟಿಕೆ ಮಣ್ಣೆತ್ತಿ, ಬೆರಳಲ್ಲಿ ಪುಡಿಮಾಡಿ, ಇದಕ್ಕಾಗಿಯೇ ಎಂದರಂತೆ. ಮಾತುಮಾತಿಗೂ ದೇಶಪ್ರೇಮದ ಸರ್ಟಿಫಿಕೇಟು ತೋರಿಸಬೇಕಾಗಿ ಬಂದ ನನ್ನಂಥ ಮುಸ್ಲಿಮನಿಗೆ ಆ ಮಣ್ಣು ಪರದೇಶದ್ದೆನಿಸುವುದಿಲ್ಲ. ಯಾರನ್ನೂ ದ್ವೇಷಿಸದೆ ಊರನ್ನು ಪ್ರೀತಿಸಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯುದ್ಧ ಸಾಮ್ರಾಜ್ಯದ್ದು, ಒಪ್ಪಿದೆ. ಅದೇ ಸಾಮ್ರಾಜ್ಯ ಮೈಸೂರಿನ ಕುದುರೆ ಸವಾರರನ್ನು 1918ರ ಸೆಪ್ಟೆಂಬರ್ 23ರಂದು ಹೈಫಾದ ಕಾಳಗಕ್ಕೆ ಇಳಿಸಿತು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಯಾರ ಹೊಲ ಬೀಳು ಬಿತ್ತು, ಯಾರ ಹಿತ್ತಲ ಮರ ಬಿದ್ದಲ್ಲೇ ಉಳಿಯಿತು ಎಂದು ಆ ಕಲ್ಲು ಹೇಳುವುದಿಲ್ಲ. ಅದನ್ನು ಬರೆಯುವ ಬಗೆಯನ್ನು ಥಾಮಸ್‌ನಿಂದ ಕಲಿಯಬಾರದು ಎನ್ನುವ ಗೆಳೆಯರು, ಮತ್ತೆ ಯಾರಿಂದ ಕಲಿಯಲಿ ಎಂದಾದರೂ ಹೇಳಲಿ.