ಮಕ್ಕಳ ವಯಸ್ಸಿಗೆ ಗೂಗಲ್ ಸಹಿ ಬೇಡ

ದಾವಣಗೆರೆ ಮತ್ತು ಹರಿಹರದ ತಂದೆ-ತಾಯಂದಿರಿಗೆ, ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ವಾರ್ಡಿನ ಹಿರಿಯರಿಗೆ ಒಂದು ಮನವಿ



ಹರಿಹರದಿಂದ ದಾವಣಗೆರೆಗೆ ಹೋಗುವ ಸರ್ಕಾರಿ ಬಸ್ಸು ಹತ್ತಿ ನೋಡಿ. ಕಂಡಕ್ಟರ್ ಬಂದ ಕೂಡಲೇ ಹೆಣ್ಣುಮಕ್ಕಳು ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾರೆ. ಮೂಲೆ ಸವೆದು ಲ್ಯಾಮಿನೇಷನ್ ಎದ್ದುಬಂದ ಕಾರ್ಡು. ಕಂಡಕ್ಟರ್ ವಿಳಾಸದ ಮೇಲೆ ಒಮ್ಮೆ ಕಣ್ಣು ಹಾಯಿಸಿ, ದುಡ್ಡಿಲ್ಲದ ಟಿಕೆಟ್ ಕೈಗಿಟ್ಟು ಮುಂದಿನ ಸೀಟಿಗೆ ಹೋಗುತ್ತಾರೆ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ನಮ್ಮ ಮಾರ್ಗದಲ್ಲಿ ನಡೆದುಕೊಂಡು ಬಂದಿರುವುದು ಹೀಗೆ. ಕಾರ್ಡ್ ನೋಡಿದರು, ನಂಬಿದರು, ವಾಪಸ್ ಕೊಟ್ಟರು. ಅದರ ನಕಲು ಅವರ ಚೀಲದಲ್ಲಿ ಉಳಿಯಲಿಲ್ಲ. ಅದು ನಿಜವೋ ಸುಳ್ಳೋ ಎಂದು ಯಾವ ಮೊಬೈಲ್ ಕಂಪನಿಯನ್ನೂ ಕೇಳಬೇಕಾಗಲಿಲ್ಲ. ಈ ದೃಶ್ಯ ನಿಮ್ಮ ಮನಸ್ಸಿನಲ್ಲಿರಲಿ. ನಾನು ಹೇಳಹೊರಟಿರುವ ಮಾತೆಲ್ಲ ಇದರ ಸುತ್ತಲೇ ಇದೆ.

ನಾನು ಹರಿಹರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ರೇಷನ್ ಕಾರ್ಡ್ ಹೀಗೆ ಏನೇ ಇದ್ದರೂ ಆನ್‌ಲೈನ್ ಅರ್ಜಿ ಹಾಕಿಕೊಡುವುದು ನನ್ನ ಕಸುಬು. ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳ ತಂದೆಯೂ ಹೌದು. ಮೊಬೈಲಿನಿಂದ ಮಕ್ಕಳಿಗೆ ತೊಂದರೆಯೇ ಇಲ್ಲ ಎನ್ನುವವನು ನಾನಲ್ಲ. ರಾತ್ರಿ ಹನ್ನೊಂದಾದರೂ ಹೊದಿಕೆಯೊಳಗಿಂದ ನೀಲಿ ಬೆಳಕು ಕಾಣುವ ಮನೆಗಳಲ್ಲಿ ನಮ್ಮದೂ ಒಂದು. ಎಸೆಸೆಲ್ಸಿ ಮಗ ಪುಸ್ತಕದ ನಡುವೆ ಫೋನಿಟ್ಟುಕೊಂಡು ರೀಲ್ಸ್ ನೋಡುತ್ತಾನೆ ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕಿದ ತಾಯಂದಿರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ವಿಚಾರಣೆಗೆ ಬಂದಾಗ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಕೂಡ, ಶಾಲೆಗೆ ಹೋಗುವ ಮಕ್ಕಳು ಜಾಲತಾಣಗಳ ಚಟಕ್ಕೆ ಬಿದ್ದಿದ್ದಾರೆ, ಇದಕ್ಕೊಂದು ವಯಸ್ಸಿನ ಮಿತಿ ಇರಬೇಕು ಎಂದು ಮೌಖಿಕವಾಗಿ ಹೇಳಿತ್ತು. ಆ ಕಾಳಜಿ ನನ್ನದೂ ಆಗಿದೆ.

ಈಗ ಆ ಕಾಳಜಿ ಕಾನೂನಾಗುತ್ತಿದೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಜಾಲತಾಣಗಳಲ್ಲಿ ಖಾತೆ ಇಲ್ಲ. ತಪ್ಪಿದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಬೀಳಬಹುದು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಮುಟ್ಟಬೇಕಾದರೆ ತಂದೆ-ತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ನಿಜವಾಗಿ ದೊಡ್ಡವರೇ ಎಂದು ಕಂಪನಿ ಖಾತ್ರಿ ಮಾಡಿಕೊಳ್ಳಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಯ ಭಾಗ 18 ತಿಂಗಳ ನಂತರ ಜಾರಿಗೆ ಬರುತ್ತದೆಂದು ಅದರಲ್ಲೇ ಹೇಳಿದೆ. ಡಿಜಿಲಾಕರ್‌ನಂಥ ಸೇವೆಯ ಮೂಲಕ ಬಂದ ಟೋಕನ್ ತೋರಿಸಿಯೂ ವಯಸ್ಸು ಖಾತ್ರಿಪಡಿಸಬಹುದು ಎಂದೂ ಇದೆ. ಅಂದರೆ "ನಿನ್ನ ವಯಸ್ಸೆಷ್ಟು, ಪುರಾವೆ ತೋರಿಸು" ಎನ್ನುವ ದಿನ ನಮ್ಮ ಮನೆಬಾಗಿಲಿಗೆ ಬಂದಿದೆ. ತೋರಿಸೋಣ. ಆದರೆ ಯಾರಿಗೆ ತೋರಿಸಬೇಕು, ಯಾರ ಮೂಲಕ ತೋರಿಸಬೇಕು ಎಂಬುದನ್ನು ಈಗಲೇ ಕೇಳದಿದ್ದರೆ ಆಮೇಲೆ ಕೇಳಲು ಅವಕಾಶ ಸಿಗುವುದಿಲ್ಲ.

ಯುರೋಪಿನಲ್ಲಿ ಏನಾಯಿತು ನೋಡಿ. ಯುರೋಪಿಯನ್ ಒಕ್ಕೂಟ 2025ರ ಜುಲೈನಲ್ಲಿ ವಯಸ್ಸು ದೃಢೀಕರಿಸುವ ಆ್ಯಪಿನ ಮಾದರಿಯೊಂದನ್ನು ಹೊರತಂದಿತು. ಉದ್ದೇಶ ಒಳ್ಳೆಯದೇ ಇತ್ತು. ಹೆಸರು, ಜನ್ಮದಿನಾಂಕ ಏನನ್ನೂ ಬಿಟ್ಟುಕೊಡದೆ "ಇವರಿಗೆ 18 ದಾಟಿದೆ" ಎಂಬಷ್ಟನ್ನು ಮಾತ್ರ ಹೇಳುವ ಆ್ಯಪ್ ಅದು. ಆದರೆ ಅದರ ಆಂಡ್ರಾಯ್ಡ್ ಆವೃತ್ತಿಯಲ್ಲಿ ಗೂಗಲ್‌ನ "ಪ್ಲೇ ಇಂಟೆಗ್ರಿಟಿ" ತಪಾಸಣೆ ಬಳಸುವ ಯೋಚನೆ ಇದೆಯೆಂದು ಗೊತ್ತಾದಾಗ ಅಲ್ಲಿನ ತಂತ್ರಜ್ಞರೇ ತಕರಾರು ತೆಗೆದರು. ಆ ತಪಾಸಣೆ ನಡೆಯುವ ಬಗೆ ಇಷ್ಟೆ: ಆ್ಯಪ್ ತೆರೆದಾಗ ಅದು ಗೂಗಲ್‌ನ ಕಂಪ್ಯೂಟರನ್ನು, "ಈ ಫೋನ್ ನೀವು ಮಾನ್ಯ ಮಾಡಿದ್ದೇ? ಈ ಆ್ಯಪ್ ನಿಮ್ಮ ಅಂಗಡಿಯಿಂದಲೇ ಬಂದದ್ದೇ?" ಎಂದು ಕೇಳುತ್ತದೆ. ಅಲ್ಲಿಂದ ಹೌದೆಂಬ ಉತ್ತರ ಬಂದರೆ ಕೆಲಸ ಮುಂದೆ ಹೋಗುತ್ತದೆ. ಬಾರದಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ. ಗೂಗಲ್ ಖಾತೆ ಬೇಡವೆಂದು ಫೋನಿಗೆ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡವರೂ ಹೊರಗೇ ನಿಲ್ಲಬೇಕು. ಪ್ರಜೆಗೆ 18 ದಾಟಿದೆ ಎಂದು ಸರ್ಕಾರ ಹೇಳಿದರೂ, ಆ ಮಾತು ಊರ್ಜಿತವಾಗಲು ಕಂಪನಿಯ ಸಹಿ ಬೇಕು ಎಂದಂತಾಯಿತಲ್ಲ!

ನಮ್ಮ ಕಡೆ ಈ ಕಥೆ ಇನ್ನೂ ಕಷ್ಟದ್ದು. ನನ್ನ ಅಂಗಡಿಗೆ ಒಂದು ದಿನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಕ್ಕ ಒಬ್ಬರು ಬಂದರು. ಮಗಳ ಅರ್ಜಿಗೆ ಒಂದು ಆ್ಯಪ್ ಬೇಕಿತ್ತು. ಫೋನ್ ರಿಪೇರಿಗೆ ಕೊಟ್ಟಾಗ ಎಲ್ಲ ಅಳಿಸಿಹೋಗಿ, ತೆರೆದ ಕೂಡಲೇ ಹಳೇ ಜಿಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಕೇಳುತ್ತಿತ್ತು. "ಅಣ್ಣಾ, ಜಿಮೇಲ್ ಅಂದ್ರೆ ಯಾವ್ದು? ಫೋನ್ ತಗಂಡಾಗ ಅಂಗಡಿ ಹುಡುಗ ಏನೋ ಹಾಕಿ ಕೊಟ್ಟಿದ್ದ" ಎಂದರು. ಆ ಹುಡುಗ ಕೆಲಸ ಬಿಟ್ಟು ಹೋಗಿ ವರ್ಷವಾಗಿತ್ತು. ಒಟಿಪಿ ಹೋಗಿದ್ದು ಯಾವಾಗಲೋ ನಿಂತುಹೋದ ಸಿಮ್ಮಿಗೆ. ಮುಕ್ಕಾಲು ಗಂಟೆ ಹೆಣಗಿ ಹೊಸ ಖಾತೆ ಮಾಡಿ ಇನ್ನೊಂದು ಫೋನಿಗೆ ಹಾಕಿದೆವು. "ನಿಮ್ಮ ಸಾಧನಕ್ಕೆ ಈ ಆ್ಯಪ್ ಹೊಂದುವುದಿಲ್ಲ" ಎಂಬ ಸಾಲು ಬಂತು. ಫೋನ್ ಹಳೆಯದು, ಅಷ್ಟೇ. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ ಅವರು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನೆ ಎದ್ದು ಹೋದರು. ಅವರ ಬಳಿ ಆಧಾರ್ ಇತ್ತು, ರೇಷನ್ ಕಾರ್ಡ್ ಇತ್ತು, ಮಗಳ ಟಿಸಿ ಇತ್ತು. ಸರ್ಕಾರ ಕೊಟ್ಟ ಕಾಗದ ಎಲ್ಲವೂ ಸರಿಯಾಗಿತ್ತು. ಕೊರತೆ ಇದ್ದದ್ದು ಕಂಪನಿ ಒಪ್ಪುವ ಖಾತೆ ಮತ್ತು ಫೋನಿನದು ಮಾತ್ರ.

ಹಾಗೆ ಅಂಗಡಿ ಹುಡುಗರು ತೆರೆದುಕೊಟ್ಟ ಖಾತೆಗಳಲ್ಲಿ ಜನ್ಮದಿನಾಂಕ ಏನಿರುತ್ತದೆ ಗೊತ್ತೇ? ಸಾಮಾನ್ಯವಾಗಿ 1990ರ ಜನವರಿ 1, ಇಲ್ಲವೇ ಕೈಗೆ ಸಿಕ್ಕಿದ್ದು. ಅದರ ಪ್ರಕಾರ ನಮ್ಮ ಬೀದಿಯ ಅಜ್ಜಿಯೂ ಮೊಮ್ಮಗನೂ ಒಂದೇ ವಯಸ್ಸಿನವರು. ಇನ್ನು ನಮ್ಮ ಕಡೆ ವಯಸ್ಸು ಎಂಬುದೇ ಶಾಲೆಯ ಮೇಷ್ಟ್ರು ಬರೆದದ್ದು. ಜೂನ್ 1ಕ್ಕೆ ಹುಟ್ಟಿದವರು ಒಂದೊಂದು ಊರಿನಲ್ಲೂ ಎಷ್ಟು ಮಂದಿ ಇದ್ದಾರೆ ಎಣಿಸಿ ನೋಡಿ. ದಾಖಲೆಯಲ್ಲಿ ಒಂದು ವರ್ಷ ಹಿಂದೆ ಮುಂದೆ ಆದವರಿಗೆ ಆ್ಯಪ್ "ಇಲ್ಲ" ಎಂದರೆ ಅವರು ಯಾರ ಬಳಿ ಹೋಗಿ ಕೇಳಬೇಕು? ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತರಾದರೂ ಸಿಗುತ್ತಾರೆ. ಕಂಪನಿಗೆ ದಾವಣಗೆರೆಯಲ್ಲಿ ಕಿಟಕಿ ಇಲ್ಲ.

ಇನ್ನೊಂದು ಮಾತನ್ನು ಬೆಂಗಳೂರು-ದೆಹಲಿಯಲ್ಲಿ ಕೂತು ಯೋಜನೆ ಮಾಡುವವರು ಯೋಚಿಸಿದಂತೆ ಕಾಣುವುದಿಲ್ಲ. ನಮ್ಮ ಮನೆಗಳಲ್ಲಿ ಫೋನ್ ಒಬ್ಬರದ್ದಲ್ಲ. ಬೆಳಿಗ್ಗೆ ಅಪ್ಪನ ಕೈಯಲ್ಲಿ, ಸಂಜೆ ಮಗನ ಕೈಯಲ್ಲಿ, ಊಟದ ಹೊತ್ತಿಗೆ ಎರಡು ವರ್ಷದ ಪಾಪುವಿನ ಮುಂದೆ. ಖಾತೆ ಅಪ್ಪನ ಹೆಸರಿನಲ್ಲಿ. ಆ್ಯಪ್ ಬಂದು ಖಾತ್ರಿ ಮಾಡಿಕೊಳ್ಳುವುದು ಅಪ್ಪನ ವಯಸ್ಸನ್ನು. ಒಮ್ಮೆ ಹೌದೆಂದ ಮೇಲೆ ಆ ಫೋನಿನಲ್ಲಿ ಹನ್ನೆರಡರ ಹುಡುಗ ಏನು ನೋಡಿದರೂ ಅದು ನಲವತ್ತರ ಗಂಡಸು ನೋಡಿದ್ದು ಎಂದೇ ದಾಖಲು. ಹಾಗಾದರೆ ಈ ಪಹರೆಯಿಂದ ಕಾಯುವುದು ಯಾರನ್ನು? ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 9ರಲ್ಲೇ ಇದಕ್ಕಿಂತ ಗಟ್ಟಿಯಾದ ಮಾತಿದೆ: ಮಕ್ಕಳ ಬೆನ್ನುಹತ್ತಿ ಅವರ ನಡೆಯನ್ನು ಗಮನಿಸುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ಕರ್ತವ್ಯ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಒಂದು ವೀಡಿಯೋ ಮುಗಿಯುವ ಮೊದಲೇ ಇನ್ನೊಂದನ್ನು ಮುಂದೆ ತಳ್ಳಿ ಮಗುವನ್ನು ಏಳದಂತೆ ಮಾಡುವುದು ಕಂಪನಿಯ ಯಂತ್ರ. ಆ ಯಂತ್ರಕ್ಕೆ ಕಡಿವಾಣ ಹಾಕುವುದು ಬಿಟ್ಟು ಊರಿನವರೆಲ್ಲ ಗುರುತಿನ ಚೀಟಿ ಹಿಡಿದು ಸಾಲು ನಿಲ್ಲಿ ಎಂದರೆ, ಹೊಲಕ್ಕೆ ನುಗ್ಗಿದ ದನ ಬಿಟ್ಟು ಹೊಲದವನನ್ನು ದೊಡ್ಡಿಗೆ ಕೂಡಿದ ಹಾಗಾಗುತ್ತದೆ.

ಚೀಟಿ ಕೊಟ್ಟರೆ ಅದು ಎಲ್ಲಿ ಹೋಗಿ ಬೀಳುತ್ತದೆ ಎನ್ನುವುದಕ್ಕೂ ಉದಾಹರಣೆ ಬಂದಾಗಿದೆ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಜಾಲತಾಣ, ವಯಸ್ಸಿನ ತಕರಾರು ಬಗೆಹರಿಸಲು ಜನರು ಕಳಿಸಿದ್ದ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಸೋರಿಹೋಗಿವೆಯೆಂದು ಒಪ್ಪಿಕೊಂಡಿತು. ಸುಮಾರು 70,000 ಬಳಕೆದಾರರದ್ದು. ಹೊರಗಿನ ಗುತ್ತಿಗೆ ಸಂಸ್ಥೆಯ ಕಡೆಯಿಂದ ಆದ ಸೋರಿಕೆ. ನೋಡಿ ವಾಪಸ್ ಕೊಡುವ ನಮ್ಮ ಕಂಡಕ್ಟರಿಗೂ, ನೋಡಿದ್ದನ್ನು ಇಟ್ಟುಕೊಳ್ಳುವ ಕಂಪನಿಗೂ ಇರುವ ವ್ಯತ್ಯಾಸ ಇದೇ.

ಒಂದೇ ಬಾಗಿಲನ್ನು ನಂಬಿ ಕೂತರೆ ಏನಾಗುತ್ತದೆಂದು ಹರಿಹರದವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ನಮ್ಮ ಊರಿಗೆ ಹೆಸರು ಬಂತು. ಕಾರ್ಖಾನೆ ಇದ್ದಷ್ಟು ದಿನ ಅದೇ ಊರಿನ ಅನ್ನ, ಅದೇ ಊರಿನ ಮರ್ಯಾದೆ. ಅದು ಮುಚ್ಚಿದಾಗ ಸೊರಗಿದ್ದು ಕಾರ್ಮಿಕರ ಮನೆಗಳಷ್ಟೇ ಅಲ್ಲ. ಕಿರಾಣಿ ಅಂಗಡಿ, ಹೋಟೆಲು, ಬಾಡಿಗೆ ಮನೆ ಎಲ್ಲವೂ ಮಂಕಾದವು. ದಾವಣಗೆರೆಯಲ್ಲೂ ಅಷ್ಟೇ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು. ಆ ಕಾರ್ಖಾನೆಗಳ ಮಾಲೀಕರನ್ನು ಕನಿಷ್ಠ ಗೇಟಿನ ಮುಂದೆ ಕೂತು ಪ್ರಶ್ನಿಸಬಹುದಿತ್ತು.

ಗೂಗಲ್‌ನ ಗೇಟು ಎಲ್ಲಿದೆ? 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಅದು ಭಾರತ್ ಮ್ಯಾಟ್ರಿಮೋನಿ, ನೌಕ್ರಿ, 99 ಏಕರ್ಸ್ ಮುಂತಾದ ನಮ್ಮ ದೇಶದ ಆ್ಯಪ್‌ಗಳನ್ನೇ ತನ್ನ ಅಂಗಡಿಯಿಂದ ಎತ್ತಿ ಹೊರಗಿಟ್ಟಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಇಟ್ಟಿತು ನಿಜ, ಆದರೆ ಬೀಗದ ಕೈ ಯಾರ ಬಳಿ ಇದೆ ಎಂಬುದು ಎಲ್ಲರಿಗೂ ಕಂಡಿತು. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ, ಆಂಡ್ರಾಯ್ಡ್ ಹಿಡಿತವನ್ನು ದುರುಪಯೋಗ ಮಾಡಿಕೊಂಡಿತೆಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಒಂದು ಕೈಯಲ್ಲಿ ದಂಡ ಹಾಕುವ ಸರ್ಕಾರ ಇನ್ನೊಂದು ಕೈಯಲ್ಲಿ ಅದೇ ಕಂಪನಿಯ ಬಾಗಿಲಿಗೆ ತನ್ನ ಪ್ರಜೆಗಳನ್ನು ಕಳಿಸುವುದು ಸರಿಯೇ? ಸರ್ಕಾರಿ ಸವಲತ್ತನ್ನು ಫೋನಿಗೆ ಕಟ್ಟಿಹಾಕಿದರೆ ಏನಾಗುತ್ತದೆಂದು ತಿಳಿಯಲು ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್ ನೋಡಿ. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೂ ಮುಖ ಗುರುತಿಸುವ ತಪಾಸಣೆ ಕಡ್ಡಾಯವಾಯಿತು. ಬಸುರಿ ಹೆಂಗಸಿನ ಪೌಷ್ಟಿಕ ಆಹಾರ ಅಂಗನವಾಡಿ ಟೀಚರ್ ಕೈಯಲ್ಲಿರುವ ಫೋನು, ಅದರ ಕ್ಯಾಮೆರಾ, ಅಲ್ಲಿನ ನೆಟ್‌ವರ್ಕ್ ಮೇಲೆ ನಿಂತಿತು. ವಯಸ್ಸಿನ ಪುರಾವೆಯೂ ಇದೇ ದಾರಿ ಹಿಡಿಯಬಾರದು.

ಬೇರೆ ದಾರಿ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಆಧಾರ್ ಪತ್ರದ ಮೇಲಿರುವ ಕ್ಯೂಆರ್ ಚೌಕದಲ್ಲಿ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಇಂಟರ್ನೆಟ್ ಇಲ್ಲದೆಯೂ ಅದರ ಅಸಲಿತನ ಪರೀಕ್ಷಿಸಬಹುದು. ಸಹಿ ಇರುವುದು ಕಾಗದದ ಮೇಲೆ, ಫೋನಿನ ಒಳಗಲ್ಲ. ಅದೇ ತಂತ್ರದಿಂದ ಹೆಸರು, ವಿಳಾಸ, ಸಂಖ್ಯೆ ಯಾವುದೂ ಇಲ್ಲದೆ "18 ದಾಟಿದೆ" ಎಂಬ ಒಂದೇ ಸಂಗತಿ ಹೇಳುವ ಚೀಟಿಯನ್ನು ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರಗಳಲ್ಲಿ ಅಚ್ಚು ಹಾಕಿ ಕೊಡಬಹುದು. ಡಿಜಿಲಾಕರ್ ಇವತ್ತಿಗೂ ಆ್ಯಪ್ ಇಲ್ಲದೆ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಅದು ಒಳ್ಳೆಯ ವ್ಯವಸ್ಥೆ, ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಒಂದು ಊರಿನವರು ಕೂಗಿದರೆ ದೆಹಲಿಗೆ ಕೇಳಿಸುತ್ತದೆಯೇ ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಅರ್ಜಿಯ ಮೇಲೆ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಎರಡನೆಯದು ಇತ್ತೀಚಿನದು. ಎಲ್ಲ ಹೊಸ ಫೋನುಗಳಲ್ಲೂ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂದು 2025ರ ನವೆಂಬರ್ 28ರಂದು ಹೊರಟ ಆದೇಶ, ದೇಶದ ತುಂಬ ಆಕ್ಷೇಪ ಎದ್ದ ಮೇಲೆ ಡಿಸೆಂಬರ್ 3ಕ್ಕೆ ವಾಪಸಾಯಿತು. ಒಂದು ವಾರವೂ ಹಿಡಿಯಲಿಲ್ಲ.

ಆದ್ದರಿಂದ ನಿಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಹಳ್ಳಿಯವರಾದರೆ ಗ್ರಾಮಸಭೆಯಲ್ಲಿ, ಈ ಠರಾವು ಮಂಡಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ:

"ಮಕ್ಕಳ ರಕ್ಷಣೆಗಾಗಿ ವಯಸ್ಸಿನ ಪುರಾವೆ ಕೇಳುವುದಾದರೆ, ಸ್ಮಾರ್ಟ್‌ಫೋನ್ ಇಲ್ಲದವರಿಗೂ, ಗೂಗಲ್ ಅಥವಾ ಆಪಲ್ ಖಾತೆ ಇಲ್ಲದವರಿಗೂ ಅದು ಸಿಗುವಂತಿರಬೇಕು. ವಯಸ್ಸು ದಾಟಿದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಯಾವ ಕಂಪನಿಗೂ ಹೋಗಬಾರದು, ತೋರಿಸಿದ ದಾಖಲೆಯನ್ನು ಕಂಪನಿ ಇಟ್ಟುಕೊಳ್ಳಬಾರದು. ತಪ್ಪಾಗಿ ತಿರಸ್ಕೃತರಾದವರ ದೂರು ಕೇಳಲು ತಾಲ್ಲೂಕು ಕಚೇರಿಯಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಮಕ್ಕಳ ನಡೆ ಗಮನಿಸುವುದನ್ನು, ಅವರಿಗೆ ಗುರಿಯಿಟ್ಟ ಜಾಹೀರಾತನ್ನು ನಿಷೇಧಿಸುವ, ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 9 ಮೊದಲು ಜಾರಿಯಾಗಬೇಕು."

ಠರಾವಿನ ಒಂದು ಪ್ರತಿ ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿಗೆ, ಒಂದು ನಿಮ್ಮ ಶಾಸಕರಿಗೆ, ಒಂದು ಸಂಸದರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ ಮೊಹರಿನ ಪ್ರತಿಯನ್ನು ಶಾಲೆಯ ಕಡತದಲ್ಲಿಡಿ. ಠರಾವು ಬರೆಯಲು ಬಾರದವರು ಕೈಬರಹದಲ್ಲಿ ಹೇಗೆ ಬಂದರೆ ಹಾಗೆ ಬರೆದುಕೊಂಡು ಬನ್ನಿ. ನಾನು ಟೈಪು ಮಾಡಿ ಮೂರು ಪ್ರತಿ ತೆಗೆದುಕೊಡುತ್ತೇನೆ, ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಹರಿಹರದ ಒಬ್ಬ ತಂದೆ