ಹೊಸ ಕಾರು, ಬತ್ತುವ ಆಯಿಲ್: ಹೊಣೆ ಯಾರದು?

ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂಬ ಮಾತು ಹಿಂದೆ ಲಕ್ಷಾಂತರ ಕಿ.ಮೀ. ಓಡಿ ಸವೆದ ಅಂಬಾಸಿಡರ್, ಜೀಪುಗಳಿಗೆ ಮೀಸಲಾಗಿತ್ತು. ಈಗ ಸಾಲದ ಕಂತು ತೀರದ ಕಾರುಗಳ ಬಗೆಗೂ ಅದೇ ದೂರು ಕೇಳುವಂತಾಗಿದೆ. ಇದು ಭಾರತಕ್ಕೆ ಸೀಮಿತವಾದ ಸಂಗತಿಯಲ್ಲ. 2006ರಿಂದ 2011ರ ನಡುವಿನ ಕೆಲವು ಮಾದರಿಗಳ 2.4 ಲೀಟರ್ ಎಂಜಿನ್‌ಗಳಿಗೆ ಟೊಯೊಟಾ ಕಂಪನಿಯು ಅಮೆರಿಕದಲ್ಲಿ ಪಿಸ್ಟನ್ ಮತ್ತು ರಿಂಗ್‌ಗಳನ್ನು ಬದಲಿಸಿಕೊಡಬೇಕಾಯಿತು. ಸುಬಾರು ಕಂಪನಿಯು ಇದೇ ದೂರಿನ ಮೊಕದ್ದಮೆಯನ್ನು 2016ರಲ್ಲಿ ರಾಜಿಯಲ್ಲಿ ಬಗೆಹರಿಸಿಕೊಂಡು ವಾರಂಟಿ ವಿಸ್ತರಿಸಿತು. ಆಡಿಯ 2 ಲೀಟರ್ ಟರ್ಬೊ ಎಂಜಿನ್ ಕೂಡ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿತ್ತು.

ಎಲ್ಲ ಹೊಸ ಎಂಜಿನ್‌ಗಳೂ ಹೀಗಲ್ಲ ಎನ್ನುವುದನ್ನು ಮೊದಲೇ ಹೇಳಬೇಕು. ಆದರೆ ಹೀಗಾಗುವ ಸಾಧ್ಯತೆ ಏಕೆ ಹೆಚ್ಚಿತು ಎಂಬುದಕ್ಕೆ ಕಾರಣ ವಿನ್ಯಾಸದಲ್ಲೇ ಇದೆ. ಪಿಸ್ಟನ್ನಿನ ಸುತ್ತ ಮೂರು ರಿಂಗ್‌ಗಳಿರುತ್ತವೆ. ಕೆಳಗಿನ ರಿಂಗ್, ಸಿಲಿಂಡರಿನ ಗೋಡೆಗೆ ಅಂಟಿದ ಹೆಚ್ಚುವರಿ ಆಯಿಲನ್ನು ಕೆರೆದು ಕೆಳಕ್ಕೆ ಕಳುಹಿಸುತ್ತದೆ. ಅದು ಗೋಡೆಯನ್ನು ಬಿಗಿಯಾಗಿ ಒತ್ತಿದಷ್ಟೂ ಘರ್ಷಣೆ ಹೆಚ್ಚು. ಇಂಧನದ ಖರ್ಚೂ ಹೆಚ್ಚು. ಕಾರು ಕಂಪನಿಗಳ ಸರಾಸರಿ ಇಂಧನ ದಕ್ಷತೆಯ ನಿಯಮಗಳು ದೇಶದಲ್ಲಿ 2017ರಿಂದ ಜಾರಿಗೆ ಬಂದು 2022ರಲ್ಲಿ ಮತ್ತಷ್ಟು ಬಿಗಿಯಾದವು. ನಡುವೆ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡವೂ ಬಂತು. ನಿಯಮ ಬಿಗಿಯಾದಂತೆ ರಿಂಗ್ ಸಡಿಲವಾಯಿತು ಎಂದರೆ ತಮಾಷೆಯಾಗಿ ಕೇಳಬಹುದು. ಆದರೆ ಜಗತ್ತಿನಾದ್ಯಂತ ನಡೆದಿರುವುದು ಹೆಚ್ಚುಕಡಿಮೆ ಅದೇ. ರಿಂಗ್ ತೆಳುವಾಯಿತು, ಅದರ ಒತ್ತಡ ತಗ್ಗಿತು. 20ಡಬ್ಲ್ಯು-40 ಇದ್ದ ಕಡೆ 5ಡಬ್ಲ್ಯು-30, 0ಡಬ್ಲ್ಯು-20ರಂತಹ ತೆಳು ಆಯಿಲ್ ಬಂತು. ಎಂಜಿನ್ ಚಿಕ್ಕದಾಗಿ, ಅದರ ಮೇಲೆ ಟರ್ಬೊ ಕೂತಿತು.

ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆದರೆ ಶಾಖ ಹೆಚ್ಚುತ್ತದೆ. ಶಾಖಕ್ಕೆ ಆಯಿಲ್ ಸುಟ್ಟು ಮಸಿಯಾಗಿ ರಿಂಗಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ರಿಂಗ್ ತನ್ನ ಗಾಡಿಯಲ್ಲೇ ಸಿಲುಕುತ್ತದೆ. ಕೆರೆಯಲಾಗದೆ ಉಳಿದ ಆಯಿಲ್ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಹಿಂದಾದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದು ಊರಿಗೆಲ್ಲ ತಿಳಿಯುತ್ತಿತ್ತು. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಬಹುಪಾಲು ಹೊಗೆಯನ್ನು ನುಂಗುತ್ತದೆ, ಕ್ರಮೇಣ ತಾನೂ ಹಾಳಾಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ಆಯಿಲ್ ಮಾಯವಾಗುವುದು ಹೀಗೆ.

ಈ ವಿನ್ಯಾಸವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂತಹ ಬಯಲುಸೀಮೆಗೆ ತಂದು ನೋಡಬೇಕು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳು ಮಳೆ ಕಡಿಮೆಯ, ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಸೀಮೆ. ಕೂಡ್ಲಿಗಿ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಬಿಟ್ಟು ಹಳ್ಳಿಯ ದಾರಿಗೆ ಹೊರಳಿದರೆ ಕೆಂಪು ದೂಳು. ಆ ದೂಳಿನಲ್ಲಿರುವ ಮರಳಿನ ಕಣ ಎಂಜಿನ್ನಿನ ಲೋಹಕ್ಕಿಂತ ಗಡಸು. ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ರಿಂಗನ್ನೂ ಸಿಲಿಂಡರನ್ನೂ ಉಜ್ಜಿ ಸವೆಸುತ್ತದೆ. ಹೊಸ ಫಿಲ್ಟರಿನ ಖರ್ಚು ಉಳಿಸಲು ಹಳೆಯದಕ್ಕೆ ಕಂಪ್ರೆಸರ್ ಗಾಳಿ ಹೊಡೆಸುವ ರೂಢಿ ಎಲ್ಲೆಡೆ ಇದೆ. ಜೋರು ಗಾಳಿಗೆ ಫಿಲ್ಟರಿನ ಕಾಗದ ಹರಿದರೆ ದೂಳಿಗೆ ಬಾಗಿಲು ತೆರೆದಂತೆ. ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ರಥೋತ್ಸವದ ದಿನಗಳಲ್ಲಿ ಎಂಜಿನ್ ಆರಿಸದೆ ಆಮೆಗತಿಯಲ್ಲಿ ಸಾಗುವ ವಾಹನಗಳ ಸಾಲು, ಊರೊಳಗಿನ ಎರಡು-ಮೂರು ಕಿ.ಮೀ. ಓಡಾಟ, ದೂಳು, ಬಿಸಿಲು: ಕಾರಿನ ಕೈಪಿಡಿಯ ಭಾಷೆಯಲ್ಲಿ ಇವೆಲ್ಲ 'ಕಠಿಣ ಬಳಕೆ'. ಅದಕ್ಕೆ ಆಯಿಲ್ ಬದಲಾವಣೆಯ ಅವಧಿಯನ್ನು ಕಡಿಮೆ ಮಾಡಬೇಕೆಂದು ಕೈಪಿಡಿಯೇ ಹೇಳುತ್ತದೆ. ಕೈಪಿಡಿಗೆ ಅಪವಾದವಾದದ್ದು ಇಲ್ಲಿ ನಿತ್ಯದ ಬಳಕೆ.

ಮುಖ್ಯ ಪ್ರಶ್ನೆ ಇರುವುದು ಲೆಕ್ಕದಲ್ಲಿ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಆಯಿಲ್ ಖರ್ಚಾಗುವುದು ಸಹಜ ಎನ್ನುವ ಕಂಪನಿಗಳಿವೆ. ಆಯಿಲ್ ಬದಲಿಸಲು ಅವೇ ಕಂಪನಿಗಳು ಕೊಡುವ ಅವಧಿ 10,000ದಿಂದ 15,000 ಕಿ.ಮೀ. ಸಣ್ಣ ಕಾರಿನ ಎಂಜಿನ್ ಹಿಡಿಯುವುದು ಮೂರೂವರೆ-ನಾಲ್ಕು ಲೀಟರ್. ಕಂಪನಿಯ ಮಾತಿನಂತೆಯೇ 'ಸಹಜವಾಗಿ' ಖರ್ಚಾದರೆ 10,000 ಕಿ.ಮೀ.ಗೆ ಐದು ಲೀಟರ್ ಬೇಕು. ಅಂದರೆ ಎಂಜಿನ್ನಿನಲ್ಲಿರುವುದಕ್ಕಿಂತ ಹೆಚ್ಚು! ಡಿಪ್‌ಸ್ಟಿಕ್ಕಿನ ಮೇಲಿನ ಮತ್ತು ಕೆಳಗಿನ ಗೆರೆಯ ಅಂತರ ಸುಮಾರು ಒಂದು ಲೀಟರ್. ಎರಡು ಸಾವಿರ ಕಿ.ಮೀ.ಗೇ ಮಟ್ಟ ಕೆಳಗೆರೆ ಮುಟ್ಟುತ್ತದೆ. ಮಟ್ಟ ನೋಡಿ ತುಂಬಿಸಿಕೊಳ್ಳಬೇಕೆಂಬ ಸೂಚನೆ ಕೈಪಿಡಿಯಲ್ಲಿ ಇರುತ್ತದೆ ನಿಜ. ಆದರೆ ಮಾರುವಾಗ ಗಿರಾಕಿಯ ಕಿವಿಗೆ ಬೀಳುವುದು ಸರ್ವಿಸ್ ಅವಧಿ ಮಾತ್ರ. ಅನೇಕ ಕಾರುಗಳಲ್ಲಿ ಕೆಂಪು ದೀಪ ಹೊತ್ತುವುದು ಆಯಿಲಿನ ಒತ್ತಡ ಕುಸಿದಾಗ. ಅಷ್ಟು ಹೊತ್ತಿಗೆ ಬೇರಿಂಗ್‌ಗಳು ಹಾಳಾಗಿರಬಹುದು.

ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂಬುದು ಪರಿಚಿತ ಸಲಹೆ. ಸವೆದ ಎಂಜಿನ್ನಿನಲ್ಲಿ ಖರ್ಚು ಕೊಂಚ ತಗ್ಗಲೂಬಹುದು. ಆದರೆ ಹೊಸ ಎಂಜಿನ್ನಿನ ಕಿರಿದಾದ ನಾಳಗಳು ಮತ್ತು ಟರ್ಬೊ ತೆಳು ಆಯಿಲನ್ನೇ ನಂಬಿ ರೂಪಿತವಾದವು. ತಪ್ಪು ದರ್ಜೆಯ ಆಯಿಲ್ ಹಾಕಿದ್ದೇ ವಾರಂಟಿ ನಿರಾಕರಣೆಗೆ ನೆಪವೂ ಆಗಬಹುದು. ಡೀಸೆಲ್ ಕಾರುಗಳದ್ದು ಇನ್ನೊಂದು ಬಗೆ. ಬಿಎಸ್-6 ಕಾರಿನ ಮಸಿ ಫಿಲ್ಟರ್ ಸ್ವಚ್ಛವಾಗಲು ಎಂಜಿನ್ ಹೆಚ್ಚುವರಿ ಡೀಸೆಲ್ ಸುರಿಯುತ್ತದೆ; ಅದರಲ್ಲಿ ಕೊಂಚ ಆಯಿಲಿಗೆ ಸೇರಿ ಮಟ್ಟ ಏರಿದಂತೆ ಕಾಣಿಸುತ್ತದೆ. ಕಡಿಮೆಯಾದದ್ದು ಕಣ್ಣಿಗೇ ಬೀಳುವುದಿಲ್ಲ.

ಕಾನೂನು ಗ್ರಾಹಕನ ಪರವಾಗಿಲ್ಲ ಎನ್ನುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಉತ್ಪನ್ನಕ್ಕೆ ತಯಾರಕರನ್ನು ಹೊಣೆ ಮಾಡುತ್ತದೆ. ಖರೀದಿ ಮೌಲ್ಯ 50 ಲಕ್ಷ ರೂಪಾಯಿವರೆಗಿನ ದೂರನ್ನು ಜಿಲ್ಲಾ ಆಯೋಗವೇ ಆಲಿಸುತ್ತದೆ. ದೂರಿಗೆ ಕಾರಣ ಉಂಟಾದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತೊಡಕಿರುವುದು ರುಜುವಾತಿನಲ್ಲಿ. ಖರ್ಚನ್ನು ಅಳೆಯಲು ಅಧಿಕೃತ ಸೇವಾ ಕೇಂದ್ರದಲ್ಲಿ ಆಯಿಲ್ ತುಂಬಿಸಿ, ಕಿ.ಮೀ. ದಾಖಲಿಸಿ, ಸಾವಿರ ಕಿ.ಮೀ. ಓಡಿಸಿ ಮತ್ತೆ ಅಲ್ಲಿಗೇ ಹೋಗಬೇಕು. ಹಡಗಲಿಯ ಮಾಲೀಕರು ಇದಕ್ಕಾಗಿ ಸಾಮಾನ್ಯವಾಗಿ ಹೊಸಪೇಟೆಗೆ, ಹರಪನಹಳ್ಳಿಯವರು ದಾವಣಗೆರೆಗೆ ಎರಡೆರಡು ಬಾರಿ ಹೋಗಿಬರಬೇಕು. ಬಾಡಿಗೆ ಕಾರು ಓಡಿಸುವವರಿಗೆ ಅದು ಎರಡು ದಿನದ ದುಡಿಮೆ. ಆ ನಡುವೆ ಊರಿನ ಅಂಗಡಿಯಲ್ಲಿ ಬಿಲ್ ಇಲ್ಲದೆ ಕೊಂಡು ಸುರಿದ ಅರ್ಧ ಲೀಟರ್ ಡಬ್ಬಿಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.